ಸುಳ್ಳು ಪ್ರಾಣಿಗೆ ಖರೇ ಎಲುಬು

ಹಿಂದಿನ ಸಂಚಿಕೆಯ ಮುಖಪುಟದಲ್ಲಿ ಅಚ್ಚಾದ ಮಕರದ ಚಿತ್ರ ನೋಡಿ ಓದುಗರು ಬರೆದ ಪತ್ರಗಳಿಗೆ, ಅದನ್ನು ಬರೆದ ಧಾರವಾಡದ ಚಿತ್ರಕಾರರೇ ಈ ಸಲ ಉತ್ತರ ಕೊಟ್ಟಿದ್ದಾರೆ. — ಸಂ.

ಪತ್ರಗಳ ಕಟ್ಟು ಕೈಗೆ ಬಂದು ಮೂರು ವಾರವಾಯಿತು. ಕೆಲವಕ್ಕೆ ಕೂತಲ್ಲೇ ಉತ್ತರ ಬರೆದೆ, ಒಂದಕ್ಕೆ ಮಾತ್ರ ಬಸ್ಸು ಹತ್ತಿ ಹೋಗಿ ನೋಡಿ ಬರಬೇಕಾಯಿತು. ಮಗಳ ಲಗ್ನಪತ್ರಿಕೆಗೆ ಗಣಪತಿ ಬರೆದುಕೊಡಿ ಎಂದು ಕೇಳಿದವರ ಎರಡು ಪತ್ರ ಪಕ್ಕಕ್ಕಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ.

ಪ್ರಶ್ನೆ: ಮುಖಪುಟದ ಪ್ರಾಣಿಗೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ. ಹಿಂದೆ ಒಂದು ಕೆರೆ, ಮೇಲೆ ಹಾರುವ ಹಂಸಗಳು, ಆಕಾಶದಲ್ಲಿ ಎರಡು ಚಂದ್ರ. ಇಂಥವೆಲ್ಲ ನಿಮಗೆ ಕನಸಿನಲ್ಲಿ ಬರುತ್ತವೆಯೇ?
— ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ಹುಬ್ಬಳ್ಳಿ

ಕನಸಿನಲ್ಲಿ ನನಗೆ ಬರುವುದು ತಪ್ಪಿಹೋದ ಬಸ್ಸು, ಇಲ್ಲವೇ ಬಾಡಿಗೆ ಕೇಳಲು ಬಂದ ಹಳೇ ಮನೆಯ ಮಾಲೀಕರು. ಮಕರ ಒಮ್ಮೆಯೂ ಬಂದಿಲ್ಲ. ಅದು ಅರ್ಧ ಲಕ್ಕುಂಡಿಯಿಂದ ಬಂತು, ಇನ್ನರ್ಧ ದಾಂಡೇಲಿಯಿಂದ.

ನಮ್ಮಪ್ಪ ಗದಗಿನಲ್ಲಿ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ರಸ್ತೆ ಪರದೆ, ದರ್ಬಾರು ಪರದೆ, ಕಾಡಿನ ಪರದೆ, ಈ ಮೂರಿದ್ದರೆ ಕಂಪನಿ ನಡೆಯಿತು. ಕಾಡಿನ ಪರದೆ ಒಂದೇ ಒಂದು. ಅದರ ಮುಂದೆ ಸೀತೆಯೂ ಅತ್ತಳು, ದಮಯಂತಿಯೂ ಅತ್ತಳು. ಬಣ್ಣದ ಪುಡಿ ಅರೆದು ಅಂಟಿನಲ್ಲಿ ಕಲಸಿ ಕೊಡುವುದು ನನ್ನ ಕೆಲಸವಾಗಿತ್ತು. ಕಂಪನಿಗಳು ಒಂದೊಂದೇ ಬಾಗಿಲು ಹಾಕಿದ ಮೇಲೆ ಪರದೆ ಕೇಳುವವರು ಉಳಿಯಲಿಲ್ಲ. ನಾನು ಹೊಟ್ಟೆಪಾಡಿಗೆ ಶಾಲೆಗಳ ಜೀವಶಾಸ್ತ್ರದ ಚಾರ್ಟು ಬರೆಯಲು ಹಿಡಿದೆ. ಕಪ್ಪೆಯ ಕರುಳು, ಜಿರಲೆಯ ಬಾಯಿ, ಉದ್ದಕ್ಕೆ ಸೀಳಿದ ದಾಸವಾಳ. ಹೀಗೆ ಇಪ್ಪತ್ತಾರು ವರ್ಷ.

ಶುರುವಿನಲ್ಲೇ ಒಂದು ಘಾತ ಮಾಡಿದೆ. ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ. ಹಿಂದಿನ ದಿನ ಮನುಷ್ಯನ ಹೃದಯ ಬರೆದಿದ್ದ ಕೈ, ಕಪ್ಪೆಗೂ ನಾಲ್ಕು ಕೋಣೆ ಬರೆದುಬಿಟ್ಟಿತು. ಆ ಚಾರ್ಟು ಒಂದು ಶಾಲೆಯ ಗೋಡೆಯ ಮೇಲೆ ಎರಡು ವರ್ಷ ತೂಗಿತು. ಅದನ್ನೇ ನಂಬಿ ಪರೀಕ್ಷೆಯಲ್ಲಿ ನಾಲ್ಕು ಎಂದು ಬರೆದು ಅಂಕ ಕಳೆದುಕೊಂಡ ಹುಡುಗಿಯೊಬ್ಬಳು ಅಪ್ಪನನ್ನು ಕರಕೊಂಡು ನಮ್ಮ ಮನೆ ಬಾಗಿಲಿಗೆ ಬಂದಳು. ಜಗಳ ತೆಗೆಯಲಿಲ್ಲ. ‘ನೀವು ಕಪ್ಪಿ ಕೊಯ್ದು ನೋಡೀರೇನ್ರೀ?’ ಎಂದಷ್ಟೇ ಕೇಳಿದಳು. ನೋಡಿರಲಿಲ್ಲ. ಪುಸ್ತಕದ ಚಿತ್ರ ನೋಡಿ ಚಿತ್ರ ಬರೆಯುತ್ತಿದ್ದೆ.

ಅವತ್ತು ರಾತ್ರಿ ಅಪ್ಪನ ಲಕ್ಕುಂಡಿ ಪಾಠ ನೆನಪಾಯಿತು. ಗದಗಿನಿಂದ ಹನ್ನೆರಡು ಕಿಲೋಮೀಟರ್. ನಾನು ಸಣ್ಣವನಿದ್ದಾಗ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ, ಕಾಶಿ ವಿಶ್ವೇಶ್ವರ ಗುಡಿಯ ಮಕರದ ಮುಂದೆ ನಿಲ್ಲಿಸಿ, ‘ಹಲ್ಲು ಎಣಸು’ ಎಂದಿದ್ದರು. ಆಗ ಬೇಸರದಿಂದ ಎಣಿಸಿದ್ದೆ. ದೊಡ್ಡವನಾಗಿ ಹೋಗಿ ನೋಡಿದಾಗ ಬೇರೆಯೇ ಕಂಡಿತು. ಬಾದಾಮಿ ಕಡೆಯದು ಮರಳುಗಲ್ಲು. ಲಕ್ಕುಂಡಿಯದು ಬಳಪದ ಕಲ್ಲು, ಉಳಿಗೆ ಬೆಣ್ಣೆಯ ಹಾಗೆ ಬಗ್ಗುತ್ತದೆ, ಹಾಗಾಗಿ ಎಷ್ಟು ಸಣ್ಣ ಗೆರೆಯೂ ಅದರಲ್ಲಿ ನಿಲ್ಲುತ್ತದೆ. ಆ ಶಿಲ್ಪಿ ಸೊಂಡಿಲನ್ನು ಮೊಸಳೆಯ ಮೂತಿಗೆ ತಂದು ಅಂಟಿಸಿಲ್ಲ. ಮೂತಿಯೇ ಮೇಲಕ್ಕೆ ಸುತ್ತಿಕೊಳ್ಳುತ್ತ ಸೊಂಡಿಲಾಗಿದೆ. ಬಾಲ ಗರಿಯಾಗಿ ಶುರುವಾಗಿ ಬಳ್ಳಿಯಾಗಿ ಸುರುಳಿ ಬಿಚ್ಚಿದೆ. ಎಲ್ಲಿ ಆನೆ ಮುಗಿದು ಎಲ್ಲಿ ಮೊಸಳೆ ಹತ್ತಿತು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ.

ದಾಂಡೇಲಿಗೆ ಹೋದದ್ದು ಇದರ ಆಮೇಲೆ. ಕಾಳಿ ನದಿಯ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳ ಎದುರು ಮೂರು ದಿನ ಕೂತೆ. ಬಾಯಿ ಮುಚ್ಚಿಕೊಂಡಾಗಲೂ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೇ ಕಾಣುತ್ತದೆ, ಮೇಲಿನ ದವಡೆಯಲ್ಲಿ ಅದಕ್ಕೆಂದೇ ಒಂದು ಕಚ್ಚು ಇರುತ್ತದೆ. ಮುಖಪುಟದ ಮಕರದ ಬಾಯಲ್ಲಿ ಆ ಹಲ್ಲು ಇದೆ, ಮತ್ತೊಮ್ಮೆ ನೋಡಿ. ಇಂಥ ಪ್ರಾಣಿ ಎಲ್ಲೋ ಇದ್ದರೂ ಇದ್ದೀತು ಎಂದು ಒಂದು ಗಳಿಗೆ ನಿಮಗೆ ಅನ್ನಿಸಿದ್ದರೆ, ಅದು ಸೊಂಡಿಲಿನ ಕೆಲಸವಲ್ಲ, ಆ ಹಲ್ಲಿನದು.

ಪ್ರಶ್ನೆ: ಚಿತ್ರದಲ್ಲಿ ಎರಡು ಚಂದ್ರ ಇವೆ. ಮತ್ತೆ ಮಕರಕ್ಕೆ ಒಂದೇ ನೆರಳು ಯಾಕೆ?
— ಏಳನೇ ತರಗತಿ ವಿದ್ಯಾರ್ಥಿ, ಬ್ಯಾಡಗಿ

ಸಿಕ್ಕಿಬಿದ್ದೆ ನೋಡು ತಮ್ಮಾ. ಸಂಪಾದಕರು ನೋಡಲಿಲ್ಲ, ಪ್ರದರ್ಶನಕ್ಕೆ ಬಂದ ದೊಡ್ಡವರು ಯಾರೂ ನೋಡಲಿಲ್ಲ.

ನಿನ್ನ ಪತ್ರ ಓದಿ ಅಡಿಗೆಮನೆಯಲ್ಲಿ ಎರಡು ಬಲ್ಬು ಹಚ್ಚಿ ಮುಂದೆ ತಂಬಿಗೆ ಇಟ್ಟು ನೋಡಿದೆ. ಎರಡು ನೆರಳು ಬಿದ್ದವು. ಒಂದು ದೀಪದ ನೆರಳಿನೊಳಗೆ ಇನ್ನೊಂದರ ಬೆಳಕು ಬರುವುದರಿಂದ ಎರಡೂ ತಿಳಿಯಾಗಿದ್ದವು, ಒಂದರ ಮೇಲೊಂದು ಬಿದ್ದಲ್ಲಿ ಮಾತ್ರ ಗಟ್ಟಿ ಕಪ್ಪು. ನನಗೆ ಈ ಎರಡು ಚಂದ್ರರ ಆಸೆ ಹುಟ್ಟಿಸಿದವನು ಮಂಗಳ. ಅವನಿಗೆ ಫೋಬೋಸ್, ಡೀಮೋಸ್ ಎಂಬ ಎರಡು ಚಂದ್ರರಿರುವುದು 1877ರಲ್ಲಿ ಗೊತ್ತಾಯಿತು. ಆದರೆ ಅವು ಬಟಾಟೆಯ ಹಾಗೆ ಸೊಟ್ಟಸೊಟ್ಟ, ನನ್ನವು ಹೋಳಿಗೆಯ ಹಾಗೆ ದುಂಡಗೆ. ಚಿತ್ರ ಇನ್ನೂ ನಮ್ಮ ಮನೆಯಲ್ಲೇ ಇದೆ. ಎರಡನೇ ನೆರಳು ಹಾಕಿದ್ದೇನೆ.

ಪ್ರಶ್ನೆ: ನಾನು ಬರೆದ ರೆಕ್ಕೆಯ ಕುದುರೆ ನೋಡಿ ನಮ್ಮ ಸರ್ ‘ರೆಕ್ಕೆ ಗೋಂದು ಹಚ್ಚಿ ಅಂಟಿಸಿದ ಹಾಗಿದೆ’ ಎಂದರು. ನಾಲ್ಕು ಸಲ ತಿದ್ದಿದೆ. ಇನ್ನೂ ಅಂಟಿಸಿದ ಹಾಗೇ ಇದೆ.
— ಚಿತ್ರಕಲಾ ವಿದ್ಯಾರ್ಥಿ, ರಾಣೆಬೆನ್ನೂರು

ನೀನು ತಿದ್ದುತ್ತಿರುವುದು ರೆಕ್ಕೆಯನ್ನು. ತಪ್ಪಿರುವುದು ಎದೆಯಲ್ಲಿ.

ಮೊದಲು ಇಷ್ಟು ಯೋಚಿಸು. ಹಕ್ಕಿಗೆ ರೆಕ್ಕೆ ಎಲ್ಲಿಂದ ಬಂತು? ಮುಂಗಾಲು ಕಳೆದುಕೊಂಡು ಬಂತು. ಬಾವಲಿಯ ರೆಕ್ಕೆ ಅಂದರೆ ಅದರ ಕೈ. ನಾಲ್ಕು ಬೆರಳು ಛತ್ರಿಯ ಕಡ್ಡಿಯ ಹಾಗೆ ಉದ್ದಕ್ಕೆ ಬೆಳೆದು ನಡುವೆ ಚರ್ಮ ಹರಡಿದೆ, ಹೆಬ್ಬೆರಳೊಂದು ಕೊಕ್ಕೆಯಾಗಿ ಹೊರಗೆ ಉಳಿದಿದೆ. ಡೈನೋಸಾರ್‌ಗಳ ಕಾಲದಲ್ಲಿ ಹಾರುತ್ತಿದ್ದ ಟೆರೋಸಾರ್‌ನ ರೆಕ್ಕೆಯನ್ನು ಹೊತ್ತಿದ್ದು ಒಂದೇ ಬೆರಳು, ನಾಲ್ಕನೆಯದು. ಮೂರೂ ಹಾರಿದವು, ಮೂರೂ ಮುಂಗೈ ಒತ್ತೆ ಇಟ್ಟು ಹಾರಿದವು. ನಿನ್ನ ಕುದುರೆ ಏನೂ ಕೊಡದೆ ರೆಕ್ಕೆ ಕೇಳುತ್ತಿದೆ. ನಾಲ್ಕು ಕಾಲೂ ಬೇಕು, ಮೇಲೆ ಎರಡು ರೆಕ್ಕೆಯೂ ಬೇಕು. ನೋಡುವವರಿಗೆ ಈ ಶಾಸ್ತ್ರ ಗೊತ್ತಿರಲಿಕ್ಕಿಲ್ಲ, ಆದರೆ ಹುಟ್ಟಿದಾಗಿನಿಂದ ಹಕ್ಕಿ ನೋಡಿದ ಕಣ್ಣು ಮೋಸ ಹೋಗುವುದಿಲ್ಲ.

ಗರುಡನಿಗೂ ಇದೇ ತಾಪತ್ರಯ. ಎರಡು ಕೈ ಮುಗಿದಿರಬೇಕು, ರೆಕ್ಕೆಯೂ ಇರಬೇಕು. ನಮ್ಮ ಶಿಲ್ಪಿಗಳು ಭುಜದ ಆ ಜಾಗದ ಮೇಲೆ ಹಾರ, ಭುಜಕೀರ್ತಿ ಹೇರಿ ಮುಚ್ಚಿಬಿಟ್ಟರು. ಬಲು ಜಾಣರು. ನಿನ್ನ ಕುದುರೆಗೆ ಆಭರಣ ಹಾಕಿ ಪಾರಾಗಬಹುದು, ಆದರೆ ನಿಮ್ಮ ಸರ್ ಬಿಡಲಾರರು ಅನ್ನಿಸುತ್ತದೆ.

ಭಾನುವಾರ ಕೋಳಿ ತರುವ ಮನೆಯಾದರೆ, ತುಂಡು ಮಾಡಿಸದೆ ಇಡಿಯಾಗಿ ತರಿಸು. ಎದೆಯ ನಡುವೆ ದೋಣಿಯ ತಳದ ಹಾಗೆ ಎದ್ದು ನಿಂತ ಎಲುಬು ಸಿಗುತ್ತದೆ. ರೆಕ್ಕೆ ಬಡಿಯುವ ಮಾಂಸವೆಲ್ಲ ಅದಕ್ಕೇ ಕಚ್ಚಿಕೊಂಡಿದೆ. ನನಗೆ ಆಶ್ಚರ್ಯವಾದದ್ದು ಇನ್ನೊಂದು. ರೆಕ್ಕೆಯನ್ನು ಕೆಳಕ್ಕೆ ಎಳೆಯುವ ಸ್ನಾಯು ಮಾತ್ರವಲ್ಲ, ಮೇಲಕ್ಕೆ ಎತ್ತುವ ಸ್ನಾಯುವೂ ಎದೆಯಲ್ಲೇ ಇದೆ, ಬೆನ್ನಿನಲ್ಲಲ್ಲ. ಅದರ ತುದಿಯ ಬಿಳಿ ಹುರಿ ಭುಜದ ಸಂದಿನಲ್ಲಿ ಹಾದು, ಬಾವಿಯ ಗಡಗಡಿಯ ಮೇಲೆ ಹಗ್ಗ ಹೊರಳಿದ ಹಾಗೆ ಹೊರಳಿ, ರೆಕ್ಕೆಯ ಎಲುಬನ್ನು ಮೇಲಿನಿಂದ ಹಿಡಿದಿದೆ. ಹುರಿ ಎಳೆದರೆ ಸತ್ತ ಕೋಳಿ ರೆಕ್ಕೆ ಎತ್ತುತ್ತದೆ. ನಮ್ಮ ಮನೆಯವಳು ಇದನ್ನು ನೋಡಿ ಎರಡು ದಿನ ಅಡಿಗೆಮನೆಗೆ ಬಿಟ್ಟುಕೊಳ್ಳಲಿಲ್ಲ.

ಹಾಗಾಗಿ ಕುದುರೆಯ ಬೆನ್ನಿನ ಮೇಲೆ ಕೆಲಸ ಮಾಡುವುದು ಬಿಡು. ಮುಂಗಾಲಿನ ಭುಜವನ್ನು ಗೇಣು ಮುಂದಕ್ಕೆ ತಳ್ಳು, ಅದರ ಹಿಂದೆ ಇನ್ನೊಂದು ಜೊತೆ ಭುಜದ ಎಲುಬು ಕೂರಿಸು, ಎದೆಯನ್ನು ಕೆಳಗೆ ಇಳಿಬಿಡು. ಕುದುರೆ ಸ್ವಲ್ಪ ಕುರೂಪವಾಗುತ್ತದೆ. ಆಗಲಿ.

ತೂಕದ ಮಾತೂ ಇದೆ. ಆಕಾರ ಬದಲಾಗದೆ ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ಗೆಲಿಲಿಯೋ 1638ರ ಪುಸ್ತಕದಲ್ಲಿ ದೊಡ್ಡ ಪ್ರಾಣಿಯ ಎಲುಬು ಎಷ್ಟು ದಪ್ಪವಿರಬೇಕೆಂದು ಚಿತ್ರ ಹಾಕಿಯೇ ತೋರಿಸಿದ್ದಾನೆ. ಟೆರೋಸಾರ್‌ಗಳಲ್ಲಿ ಅತಿ ದೊಡ್ಡವು ಟೊಳ್ಳು ಎಲುಬಿನ ಮೇಲೆ ಸುಮಾರು 10 ಮೀಟರ್ ರೆಕ್ಕೆ ಹರಡಿದವು, ಅದರಾಚೆ ಹೋದವು ಯಾವುವೂ ಕಾಣೆ. ಇನ್ನು ವಿಜಯನಗರದ ಅಚ್ಯುತರಾಯನ ನಾಣ್ಯದ ಮೇಲಿನ ಗಂಡಭೇರುಂಡ ನೋಡು. ಕೊಕ್ಕಿನಲ್ಲೂ ಉಗುರಿನಲ್ಲೂ ಆನೆ ಹಿಡಿದಿದೆ! ಲೆಕ್ಕ ಹಾಕಿದರೆ ಅದು ಎದ್ದು ನಿಲ್ಲುವುದೇ ಕಷ್ಟ. ನಾನೂ ಒಂದು ಗಂಡಭೇರುಂಡ ಬರೆದೆ. ಆನೆಯನ್ನು ಸಣ್ಣದು ಮಾಡಲು ಮನಸ್ಸು ಬರಲಿಲ್ಲ, ಆದ್ದರಿಂದ ಆ ಲೋಕದ ಗಾಳಿಯನ್ನೇ ನೀರಿನಷ್ಟು ದಪ್ಪ ಮಾಡಿದೆ. ಅಲ್ಲಿ ಮರದ ಎಲೆಗಳು ಕೆರೆಯ ಪಾಚಿಯ ಹಾಗೆ ತೂಗುತ್ತವೆ. ಎದ್ದ ಧೂಳು ಕೆಳಗೆ ಇಳಿಯಲು ಒಂದು ದಿನ ಹಿಡಿಯುತ್ತದೆ. ಆನೆಯ ಕಿವಿ ತೇಲುತ್ತದೆ. ಒಂದು ಹಕ್ಕಿಯನ್ನು ಹಾರಿಸಲು ಇಡೀ ಊರು ಬದಲಿಸಬೇಕಾಯಿತು, ಮತ್ತು ಖರೇ ಹೇಳಬೇಕೆಂದರೆ ಈ ಕೆಲಸದಲ್ಲಿ ನನಗೆ ಖುಷಿ ಕೊಡುವ ಭಾಗ ಅದೇ.

ಪ್ರಶ್ನೆ: ಕುಮಾರವ್ಯಾಸ ಕೂತು ಬರೆದ ಊರಿನವರು ನೀವು. ಪುರಾಣದ ಪ್ರಾಣಿಗಳಿಗೆ ಎಲುಬು, ಸ್ನಾಯು ಎಂದು ಪ್ರಯೋಗಶಾಲೆಯ ಲೆಕ್ಕ ಹಚ್ಚುವುದು ಅಪಚಾರವಲ್ಲವೇ? ಅಥವಾ ವಿಜ್ಞಾನವೆಲ್ಲ ಪುರಾಣದಲ್ಲಿ ಮೊದಲೇ ಇತ್ತು ಎಂಬುದು ನಿಮ್ಮ ವಾದವೇ?
— ನಿವೃತ್ತ ಶಿಕ್ಷಕರು, ಗದಗ

ಗುರುಗಳೇ, ನಮಸ್ಕಾರ. ಎರಡೂ ಅಲ್ಲ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಯಾಕಂದ್ರ ಆ ವಾದ ನನಗೆ ಈಚೆಗೆ ಬಹಳ ಕಡೆ ಎದುರಾಗುತ್ತದೆ. ಗುಜರಾತದ ಕಛ್‌ನಲ್ಲಿ ಪಾನಂಧ್ರೋ ಎಂಬ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿ ಇದೆ. ಅಲ್ಲಿ ಸಿಕ್ಕ ಒಂದು ಹಾವಿನ 27 ಬೆನ್ನೆಲುಬಿನ ಮಣಿಗಳ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಸುಮಾರು 4 ಕೋಟಿ 70 ಲಕ್ಷ ವರ್ಷ ಹಿಂದಿನದು, ಉದ್ದ 11ರಿಂದ 15 ಮೀಟರ್ ಇದ್ದಿರಬಹುದೆಂದು ಅಂದಾಜು. ಅದಕ್ಕೆ ವಾಸುಕಿ ಇಂಡಿಕಸ್ ಎಂದು ಹೆಸರಿಟ್ಟರು. ಕೂಡಲೇ ನಮ್ಮ ಓಣಿಯ ಗೆಳೆಯರೊಬ್ಬರು ‘ನೋಡಿದಿರಾ, ಸಮುದ್ರಮಥನ ಖರೇನೇ ಆಗಿತ್ತು’ ಎಂದು ಪೇಪರ್ ಹಿಡಿದುಕೊಂಡು ಬಂದರು. ಆ ಹಾವು ಬದುಕಿದ್ದಾಗ ಅದನ್ನು ನೋಡಿ ಕತೆ ಕಟ್ಟಲು ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲವಲ್ಲ! ಹೆಸರು ಕೊಟ್ಟದ್ದು ಪ್ರೀತಿಯಿಂದ, ಸಾಕ್ಷಿಗಲ್ಲ. ಹಿಂದೆಯೂ ಹೀಗೇ ನಡೆದಿದೆ. ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ, ಜಿರಾಫೆಯ ಬಳಗದ, ಕೊಂಬಿನ ದೈತ್ಯ ಪ್ರಾಣಿಗೆ ಫಾಲ್ಕನರ್ ಮತ್ತು ಕಾಟ್ಲಿ ಎಂಬ ಇಬ್ಬರು 1836ರಲ್ಲಿ ಶಿವಥೀರಿಯಂ ಎಂದು ಹೆಸರಿಟ್ಟರು, ಶಿವನ ಮೃಗ ಎಂಬ ಅರ್ಥದಲ್ಲಿ. ಅದರ ತಲೆಬುರುಡೆಯ ಚಿತ್ರ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಯಾವ ಪ್ರಾಣಿ ಹುಟ್ಟಿಸಿದರೂ ಮಣ್ಣಿನ ಕೆಳಗೆ ಅದಕ್ಕಿಂತ ವಿಚಿತ್ರದ್ದು ಮಲಗಿರುತ್ತದೆ.

ಇನ್ನು ಅಪಚಾರದ ಮಾತು. ತಮಗೆ ನವಗುಂಜರದ ಕತೆ ಗೊತ್ತಿರಬಹುದು. ನಮ್ಮ ನಾರಣಪ್ಪನ ಹಾಗೆ 15ನೇ ಶತಮಾನದವನೇ ಆದ ಸಾರಳಾ ದಾಸ ಒಡಿಯಾದಲ್ಲಿ ಬರೆದ ಮಹಾಭಾರತದಲ್ಲಿ ಅದು ಬರುತ್ತದೆ. ಕೋಳಿಯ ತಲೆ, ನವಿಲಿನ ಕುತ್ತಿಗೆ, ಎತ್ತಿನ ಡುಬ್ಬ, ಸಿಂಹದ ನಡು, ಹಾವಿನ ಬಾಲ. ಕಾಲುಗಳಲ್ಲಿ ಒಂದು ಆನೆಯದು, ಒಂದು ಹುಲಿಯದು, ಒಂದು ಕುದುರೆಯದು. ನಾಲ್ಕನೆಯದು ಮೇಲೆತ್ತಿದ ಮನುಷ್ಯನ ಕೈ, ಅದರಲ್ಲೊಂದು ಕಮಲ. ಕಾಡಿನಲ್ಲಿ ಇದನ್ನು ಕಂಡ ಅರ್ಜುನ ಹೆದರಿ ಬಿಲ್ಲು ಎತ್ತುತ್ತಾನೆ. ಆ ಕೈ ಕಣ್ಣಿಗೆ ಬಿದ್ದ ಮೇಲೆ, ಇದು ಕೃಷ್ಣನೇ ಎಂದು ತಿಳಿದು ಬಿಲ್ಲು ಕೆಳಗಿಡುತ್ತಾನೆ.

ನಾನು ಇದನ್ನು ಬರೆಯಲು ಹೊರಟಾಗ ಚಾರ್ಟಿನವನ ಚಟದಂತೆ ಮೊದಲು ನಡಿಗೆ ಲೆಕ್ಕ ಹಾಕಿದೆ. ಆನೆಯ ಕಾಲು ಕಂಬ, ಅದು ತೂಕವನ್ನು ನೆಟ್ಟಗೆ ಕೆಳಗಿಳಿಸುತ್ತದೆ. ಹುಲಿ ಬೆರಳ ಮೇಲೆ ನಡೆಯುತ್ತದೆ, ಮೆತ್ತಗೆ. ಕುದುರೆ ನಿಲ್ಲುವುದು ಒಂದೇ ಬೆರಳಿನ ಉಗುರಿನ ಮೇಲೆ, ಅದರ ಗೊರಸು ಅಂದರೆ ಅದೇ. ಮೂರಕ್ಕೂ ಹೆಜ್ಜೆಯ ಅಳತೆ ಬೇರೆ, ನಾಲ್ಕನೆಯದಂತೂ ನೆಲಕ್ಕೇ ಬರುವುದಿಲ್ಲ. ಎಂಟು ದಿನ ಕಾಗದ ಹರಿದೆ. ಈ ಪ್ರಾಣಿ ನಡೆಯಲಾರದು, ಓಡಲಾರದು, ಬೇಟೆಯಾಡಲಾರದು. ಸುಮ್ಮನೆ ನಿಲ್ಲಬಲ್ಲದು, ನಿಂತು ಕೈ ಎತ್ತಬಲ್ಲದು. ದರ್ಶನ ಕೊಡುವುದೊಂದೇ ಅದರ ಕೆಲಸ. ಭಕ್ತರು ನೂರಾರು ವರ್ಷದಿಂದ ತಿಳಿದದ್ದನ್ನೇ ನಾನು ಎಲುಬಿನ ದಾರಿಯಿಂದ ಸುತ್ತಿ ಬಂದು ಮುಟ್ಟಿದೆ. ಇದು ಅಪಚಾರ ಎಂದು ತಾವು ಅಂದರೆ ನಾನು ತಲೆ ಬಾಗಿಸುತ್ತೇನೆ. ಆದರೆ ಚಿತ್ರ ಹರಿಯುವುದಿಲ್ಲ.

ಪ್ರಶ್ನೆ: ಮಗಳಿಗೆ ನವಿಲು ಬರೆಯುವ ಹುಚ್ಚು. ಎಷ್ಟು ನಮೂನಿ ನೀಲಿ ಬಣ್ಣ ತಂದುಕೊಟ್ಟರೂ ನವಿಲಿನ ಹೊಳಪು ಬರವಲ್ದು ಅಂತ ಅಳ್ತಾಳ. ಯಾವ ಕಂಪನಿ ಬಣ್ಣ ತರಬೇಕು?
— ಗೃಹಿಣಿ, ನವಲಗುಂದ

ಅಕ್ಕಾವ್ರೇ, ರೊಕ್ಕ ಉಳಿಸ್ರಿ. ನವಿಲಿನ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ.

ನಾನೂ ನಂಬಿರಲಿಲ್ಲ. ಬಂಕಾಪುರದ ಕೋಟೆಯ ಕಡೆ ನವಿಲು ನೋಡಲು ಹೋದಾಗ ಬಿದ್ದಿದ್ದ ಗರಿಯೊಂದರ ಎಳೆಯನ್ನು ಕಲ್ಲಿನ ಮೇಲೆ ಅರೆದೆ. ಕಂದು ಪುಡಿ ಬಂತು. ಗರಿಯ ಒಳಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಕಡ್ಡಿಗಳು ಜಾಲರಿ ಹೆಣೆದ ಹಾಗೆ ಸಾಲಾಗಿ ಕೂತಿವೆ. ನಮ್ಮ ಕೂದಲನ್ನು ಕಪ್ಪು ಮಾಡುವುದೂ ಅದೇ. ಆ ಸಾಲುಗಳಿಗೆ ತಾಗಿ ತಿರುಗಿ ಬರುವ ಬೆಳಕು ಒಂದು ಅಂತರಕ್ಕೆ ನೀಲಿ, ಇನ್ನೊಂದು ಅಂತರಕ್ಕೆ ಹಸಿರು. ಅರೆದಾಗ ಸಾಲು ಕೆಡುತ್ತದೆ, ನವಿಲೂ ಹೋಗುತ್ತದೆ. ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ ಇರುವ ರೇಷ್ಮೆ ಸೀರೆಯನ್ನು ಮಡಿಕೆ ಹಿಡಿದು ಅಲುಗಿಸಿದರೆ ಮಿಂಚು ಜಾಗ ಬದಲಿಸುತ್ತದಲ್ಲ, ಮಗಳಿಗೆ ಮೊದಲು ಅದನ್ನು ತೋರಿಸಿ.

ಬಿಳಿ ಕಾಗದದ ಮೇಲೆ ನೇರ ನೀಲಿ ಹಚ್ಚಿದರೆ ಅದು ಗೋಡೆಯ ಬಣ್ಣವಾಗುತ್ತದೆ. ಕುತ್ತಿಗೆಯನ್ನು ಮೊದಲು ಕಪ್ಪಿಗೆ ಹತ್ತಿರದ ಕಂದಿನಲ್ಲಿ ತುಂಬಲಿ, ಚೆನ್ನಾಗಿ ಒಣಗಲಿ. ಆಮೇಲೆ ನೀಲಿಯನ್ನು ತೆಳ್ಳಗೆ, ಬೆಳಕು ಬೀಳುವ ಕಡೆ ಮಾತ್ರ, ಮೂರು ನಾಲ್ಕು ಸಲ. ನೀಲಿ ತಿರುಗುವ ಅಂಚಿನಲ್ಲಿ ಒಂದು ಗೆರೆ ಹಸಿರು. ಪೋಸ್ಟರ್ ಬಣ್ಣವೇ ಸಾಕು. ಕೆಂಪಂತೂ ನಾನು ಕೊಳ್ಳುವುದೇ ಇಲ್ಲ. ಕಪ್ಪತಗುಡ್ಡದ ಕೆಳಗೆ ಒಬ್ಬರ ಹೊಲದ ಬದುವಿನಿಂದ ಹಳದಿ ಮಣ್ಣು ತಂದು ರೊಟ್ಟಿ ಹಂಚಿನ ಮೇಲೆ ಹುರಿಯುತ್ತೇನೆ. ಮಣ್ಣಿನೊಳಗಿನ ಕಬ್ಬಿಣದ ಅಂಶ ನೀರು ಬಿಟ್ಟುಕೊಟ್ಟು ಕಣ್ಣ ಮುಂದೆಯೇ ಕೆಂಪಾಗುತ್ತದೆ. ಜಾಲಿ ಅಂಟಿನಲ್ಲಿ ಕಲಸಿದರೆ ಮುಗಿಯಿತು. ಹಂಚು ಮಾತ್ರ ಬೇರೆ ಇಟ್ಟುಕೊಳ್ಳಿ, ನಮ್ಮ ಮನೆಯಲ್ಲಿ ಅದಕ್ಕೂ ಜಗಳವಾಗಿದೆ.

ಪ್ರಶ್ನೆ: ಈಗ ಕಂಪ್ಯೂಟರಿಗೆ ಒಂದು ಸಾಲು ಹೇಳಿದರೆ ನಿಮಿಷದಲ್ಲಿ ಹತ್ತು ಮಕರ ಬರೆದುಕೊಡುತ್ತದೆ. ಒಂದೊಂದು ಚಿತ್ರಕ್ಕೆ ಆರು ತಿಂಗಳು ಯಾಕೆ ಕೂರುತ್ತೀರಿ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ನನಗೆ ಬೇರೆ ಕೆಲಸ ಬರುವುದಿಲ್ಲ.

ಮೊಮ್ಮಗಳು ಫೋನಿನಲ್ಲಿ ಮಾಡಿಸಿ ತೋರಿಸಿದಳು. ಚೆಂದ ಇದ್ದವು. ನಾಲ್ಕನೇ ಹಲ್ಲು ಹುಡುಕಿದೆ, ಹತ್ತರಲ್ಲಿ ಒಂದರಲ್ಲೂ ಇರಲಿಲ್ಲ. ಆದರೆ ತಪ್ಪು ಮಾಡುತ್ತದೆ ಎಂಬುದು ನನ್ನ ದೂರಲ್ಲ, ಕಪ್ಪೆಗೆ ನಾಲ್ಕು ಕೋಣೆ ಕಟ್ಟಿಸಿದವನು ನಾನು. 1515ರಲ್ಲಿ ಗುಜರಾತದ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗವೊಂದು ನಮ್ಮ ಪಕ್ಕದ ಗೋವಾದಿಂದ ಹಡಗು ಹತ್ತಿ ಲಿಸ್ಬನ್ ತಲುಪಿತು. ದೂರದ ನ್ಯೂರೆಂಬರ್ಗಿನಲ್ಲಿದ್ದ ಡ್ಯೂರರ್ ಎಂಬ ಚಿತ್ರಕಾರ ಅದನ್ನು ನೋಡಲೇ ಇಲ್ಲ. ಯಾರೋ ಬರೆದ ಪತ್ರ ಮತ್ತು ಒಂದು ಗೀಚು ಚಿತ್ರ ಇಟ್ಟುಕೊಂಡು ಮರದ ಅಚ್ಚು ಕೆತ್ತಿಸಿದ. ಚರ್ಮವನ್ನು ಕಬ್ಬಿಣದ ಕವಚದ ಹಾಗೆ ಬರೆದ, ಕುತ್ತಿಗೆಯ ಮೇಲೆ ಇಲ್ಲದ ಒಂದು ಸಣ್ಣ ಕೊಂಬು ಇಟ್ಟ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಪುಸ್ತಕಗಳು ಆ ಸುಳ್ಳು ಕೊಂಬನ್ನೇ ನಕಲು ಮಾಡಿದವು. ನನಗೆ ಆ ಚಿತ್ರದ ಮೇಲೆ ಬಹಳ ಪ್ರೀತಿ. ಕಾಣದ ಪ್ರಾಣಿಯ ಒಂದೊಂದು ಮಡಿಕೆಯನ್ನೂ ಕಾಣಬೇಕೆಂದು ಒದ್ದಾಡಿದವನ ಗೆರೆ ಅದು. ನಿನ್ನ ಯಂತ್ರ ಒದ್ದಾಡುವುದಿಲ್ಲ, ಹಾಗಾಗಿ ನನಗೆ ಅದರ ತಪ್ಪಿನ ಮೇಲೂ ಪ್ರೀತಿ ಹುಟ್ಟುವುದಿಲ್ಲ. ಇಷ್ಟೇ ವ್ಯತ್ಯಾಸ. ಇದು ದೊಡ್ಡದೋ ಸಣ್ಣದೋ ನಿಮ್ಮ ವಯಸ್ಸಿನವರು ಹೇಳಬೇಕು.

ಆ ಬಡ ಘೇಂಡಾಮೃಗವನ್ನು ಪೋಪ್ ಅವರಿಗೆ ಕಾಣಿಕೆಯೆಂದು ಮತ್ತೆ ಹಡಗಿಗೇರಿಸಿದರು. ಇಟಲಿಯ ತೀರದಲ್ಲಿ ಹಡಗು ಮುಳುಗಿತು.

ಪ್ರಶ್ನೆ: ಹಂಸ ಅಂತ ಬರದೀರಿ. ಅವು ನಮ್ಮ ಮಾಗಡಿ ಕೆರಿ ಬಾತು. ತಲಿ ಮ್ಯಾಗ ಎರಡು ಕರಿ ಪಟ್ಟಿ ಅದಾವ, ನೋಡಿದ ಕೂಡ್ಲೆ ಗುರ್ತ ಹಿಡದೆ. ರಾತ್ರಿ ಹೊಲಕ್ಕ ಇಳದು ಬೆಳಿ ಮೇಯತಾವ. ನೀವು ಕೊಳ್ಳಾಗ ಮಾಲಿ ಹಾಕಿ ದೇವ್ರ ವಾಹನ ಮಾಡೀರಿ. ಲುಕ್ಸಾನ ಯಾರ ತುಂಬಿ ಕೊಡ್ತಾರ?
— ರೈತರು, ಶಿರಹಟ್ಟಿ ತಾಲ್ಲೂಕು

ಯಜಮಾನ್ರೇ, ನಿಮ್ಮ ಪತ್ರ ಮೊದಲ ದಿನವೇ ಓದಿದೆ, ಉತ್ತರ ಕೊನೆಗೆ ಬರೆಯುತ್ತಿದ್ದೇನೆ. ಗುರುತು ಸರಿಯಾಗಿದೆ. ಅವು ಪಟ್ಟೆತಲೆ ಹೆಬ್ಬಾತುಗಳು. ಸರಸ್ವತಿಯ ಹಂಸ ಯಾವ ಹಕ್ಕಿ ಎಂದು ಪಂಡಿತರು ಜಗಳಾಡುತ್ತಾರೆ. ನನಗಂತೂ ಬಿಳಿ ಹಂಸವನ್ನು ಪುಸ್ತಕದಲ್ಲಿ ನೋಡಿ ಬರೆಯುವುದಕ್ಕಿಂತ, ಗದಗ ಜಿಲ್ಲೆಯ ಕೆರೆಗೆ ವರ್ಷ ವರ್ಷ ಬಂದಿಳಿಯುವ ಈ ಹಕ್ಕಿಯೇ ಪುರಾಣಕ್ಕೆ ತಕ್ಕದ್ದು ಅನ್ನಿಸಿತು. ಮರಿ ಮಾಡುವುದು ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳಲ್ಲಿ. ಅಲ್ಲಿಂದ ಹಿಮಾಲಯ ದಾಟಿ ಬರುತ್ತವೆ. 7,000 ಮೀಟರಿಗೂ ಮೇಲೆ ಹಾರಿದ್ದನ್ನು ಯಂತ್ರ ಕಟ್ಟಿ ಅಳೆದಿದ್ದಾರೆ. ನಮಗೆ ಅಲ್ಲಿ ನಾಲ್ಕು ಹೆಜ್ಜೆ ಇಡಲಾಗದು. ಇವುಗಳ ರಕ್ತಕ್ಕೆ ತೆಳು ಗಾಳಿಯಿಂದಲೂ ಆಮ್ಲಜನಕ ಹಿಡಿದುಕೊಳ್ಳುವ ಗುಣವಿದೆ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಇಷ್ಟೆಲ್ಲ ಓದಿಕೊಂಡು, ಕೆರೆಯ ಏರಿಯ ಮೇಲೆ ಕೂತು, ನೀರಿನಲ್ಲಿ ನಿದ್ದೆ ಮಾಡುತ್ತಿದ್ದ ಹಕ್ಕಿಗಳನ್ನು ನಾಲ್ಕು ಚಳಿಗಾಲ ಬರೆದೆ. ಬೆಳಗಿನ ಬಸ್ಸಿಗೆ ಬರುತ್ತಿದ್ದೆ, ಸಂಜೆ ಬಸ್ಸಿಗೆ ಹೋಗುತ್ತಿದ್ದೆ.

ಸಂಜೆ ಬಸ್ಸಿಗೆ ಹೋಗುತ್ತಿದ್ದೆ! ನಿಮ್ಮ ಪತ್ರ ಓದಿದಾಗ ಕಪ್ಪೆಯ ಹುಡುಗಿ ಮತ್ತೆ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು.

ಹೋದ ವಾರ ಬಂದು ಒಂದು ರಾತ್ರಿ ಉಳಿದೆ. ಕೆರೆಯ ಹತ್ತಿರದ ಒಂದು ಮನೆಯವರು ರೊಟ್ಟಿ, ಝುಣಕ ಕೊಟ್ಟು ಕಟ್ಟೆಯ ಮೇಲೆ ಕಂಬಳಿ ಹಾಸಿದರು. ಕತ್ತಲಾದ ಮೇಲೆ ಕಾಣುವ ಮೊದಲೇ ಕೇಳಿಸಿತು, ತಲೆಯ ಮೇಲೆ ಆಕಾಶವೇ ಕೂಗುತ್ತಿದ್ದ ಹಾಗೆ. ಬೆಳಿಗ್ಗೆ ಆ ಮನೆಯವರ ಹುಡುಗ ಕಡಲೆ ಹೊಲ ತೋರಿಸಿದ. ಎರೆಮಣ್ಣಿನ ಹಸಿಯಲ್ಲಿ ಜಾಲಪಾದದ ಹೆಜ್ಜೆ ಅಚ್ಚೊತ್ತಿತ್ತು. ಚಿಗುರಿನ ತುದಿಗಳು ಕತ್ತರಿ ಆಡಿಸಿದ ಹಾಗೆ ಹೋಗಿದ್ದವು. ಈ ಹಕ್ಕಿಯ ಕೊಕ್ಕಿನ ಅಂಚಿನಲ್ಲಿ ಬಾಚಣಿಕೆಯ ಹಲ್ಲಿನಂಥ ಸಾಲಿದೆ. ಹಂಸ ಹಾಲು ನೀರು ಬೇರೆ ಮಾಡುತ್ತದೆ ಅನ್ನುತ್ತಾರಲ್ಲ, ಇದು ನಿಮ್ಮ ಚಿಗುರು ಮತ್ತು ಮಣ್ಣು ಬೇರೆ ಮಾಡುತ್ತದೆ.

ಲುಕ್ಸಾನಿಗೆ ನನ್ನ ಹತ್ತಿರ ಉತ್ತರವಿಲ್ಲ. ಅದು ಸರ್ಕಾರದವರನ್ನು ಕೇಳಬೇಕಾದ ಪ್ರಶ್ನೆ, ಮತ್ತು ನೀವು ಕೇಳಿರುತ್ತೀರಿ. ನನ್ನ ಕೈಯಲ್ಲಿರುವುದು ಚಿತ್ರ. ಮಾಲೆ ಅಳಿಸಿದ್ದೇನೆ. ಮುಂದೆ ಹಾರುವ ಹಕ್ಕಿಯ ಕೊಕ್ಕಿನಲ್ಲಿ ಕಡಲೆಯ ಒಂದು ಚಿಗುರು ಇಟ್ಟೆ, ಬೇರಿನ ಜೊತೆ ಮಣ್ಣೂ ಅಂಟಿಕೊಂಡಿದೆ. ಕೆರೆಯ ಆಚೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಈಗ ಕಪ್ಪು ಹೊಲ ಬಂದಿದೆ. ಹೊಲದ ನಡುವೆ ತಲೆಗೆ ಟವಲ್ ಸುತ್ತಿ, ಕೈಯಲ್ಲಿ ಬ್ಯಾಟರಿ ಹಿಡಿದು, ಮೇಲೆ ನೋಡುತ್ತ ಒಬ್ಬರು ನಿಂತಿದ್ದಾರೆ. ಬ್ಯಾಡಗಿಯ ಹುಡುಗನ ಭಯಕ್ಕೆ ಅವರಿಗೆ ಎರಡು ನೆರಳು ಹಾಕಿದ್ದೇನೆ.

ಮುಖ ಇನ್ನೂ ಬರೆದಿಲ್ಲ. ನಿಮ್ಮ ಪತ್ರದಲ್ಲಿ ತಾಲ್ಲೂಕು ಇದೆ, ಊರಿನ ಹೆಸರಿಲ್ಲ. ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದು ಹಾಕಿ. ಎಳ್ಳ ಅಮವಾಸ್ಯೆಗೆ ನೀವು ಹೊಲದಲ್ಲಿ ಚರಗ ಚೆಲ್ಲುವಾಗ ಬರುತ್ತೇನೆ, ಈ ಸಲವೂ ರಾತ್ರಿ ಉಳಿಯುವ ಹಾಗೆ.